ಮಾಳಿಗೆ ಮೇಲಿನ ಪಫ್ ಪ್ಯಾನೆಲ್ ಕೋಣೆ: ಮಧ್ಯಾಹ್ನಕ್ಕೆ ಪೂರ್ತಿ ಅಂಕ, ಸಂಜೆಗೆ ಇಲ್ಲ

ಕಲಬುರಗಿಯಲ್ಲಿ ಮಾಳಿಗೆ ಮೇಲೆ ಒಂದು ಕೋಣೆ ಬೇಕೆಂದರೆ ಮೊದಲೆಲ್ಲ ಪತ್ರಾ ಶೆಡ್ಡು ಹಾಕುತ್ತಿದ್ದರು. ಈಗ ಎಲ್ಲರೂ ಪಫ್ ಪ್ಯಾನೆಲ್, ಅಂದರೆ ಎರಡು ತಗಡಿನ ನಡುವೆ ಪಾಲಿಯುರೆಥೇನ್ ಫೋಮ್ ತುಂಬಿದ ಹಲಗೆ, ಕೇಳುತ್ತಾರೆ. ಹಲವು ಬೇಸಿಗೆ, ಮಳೆಗಾಲ ಬಳಸಿ ನೋಡಿ ಬರೆಯುತ್ತಿದ್ದೇನೆ. ಪ್ಯಾನೆಲ್ ಬಗ್ಗೆ ತಕರಾರಿಲ್ಲ. ಅದನ್ನು ಕೋಣೆಯಾಗಿ ಕಟ್ಟಿಕೊಡುವ ರೀತಿಯ ಬಗ್ಗೆ ತಕರಾರಿದೆ.

ಮೊದಲು ಒಳ್ಳೆಯದು. ಮೇ ತಿಂಗಳ ಮಧ್ಯಾಹ್ನ 2 ಗಂಟೆ, ಹೊರಗೆ 43 ಡಿಗ್ರಿ. ಪತ್ರಾದ ಕೆಳಗೆ ನಿಂತರೆ ನೆತ್ತಿ ಸುಡುವ ಹೊತ್ತು. ಇಲ್ಲಿ ಒಳಗಿನಿಂದ ಚಾವಣಿಗೆ ಅಂಗೈ ಒತ್ತಿದರೆ ಬರೀ ಉಗುರುಬೆಚ್ಚಗಿರುತ್ತದೆ. ಕೆಳಗಿನ ಮನೆಗೂ ಲಾಭ: ಕೋಣೆ ನಿಂತಷ್ಟು ಸ್ಲ್ಯಾಬಿಗೆ ನೆರಳು.

ಆದರೆ ಸಂಜೆ 7ಕ್ಕೆ ಹೊರಗೆ ಗಾಳಿ ಆಡತೊಡಗಿದಾಗಲೂ ಒಳಗೆ ಧಗೆ. ಕಾರಣ ಲೆಕ್ಕದಲ್ಲೇ ಇದೆ. 10×12 ಅಡಿ ಕೋಣೆ, 50 ಎಂಎಂ ಚಾವಣಿ. ಬಿಸಿಲಿಗೆ ಮೇಲಿನ ತಗಡು 65 ಡಿಗ್ರಿಗೆ ಕಾದು ಒಳಗೆ 35 ಇದ್ದರೂ ಚಾವಣಿಯ ಮೂಲಕ ಇಳಿಯುವ ಬಿಸಿ ಸುಮಾರು 150 ವ್ಯಾಟ್ ಮಾತ್ರ, ಅಂದರೆ ಎರಡು ಫ್ಯಾನ್ ಎಳೆಯುವಷ್ಟು. ಒಳಗೆ ಸುಮ್ಮನೆ ಕುಳಿತ ಇಬ್ಬರ ಮೈಯಿಂದ ಹೊರಡುವ ಬಿಸಿಯೇ ಸುಮಾರು 200 ವ್ಯಾಟ್. ಮೇಲೆ ಫ್ಯಾನು, ಕಂಪ್ಯೂಟರ್ ಬೇರೆ. ಈ ಬಿಸಿ ಹೋಗುವುದೆಲ್ಲಿಗೆ? ಹೊರಗಿನದನ್ನು ತಡೆದ ಅದೇ ಗೋಡೆ ಒಳಗಿನದನ್ನೂ ಬಿಡುವುದಿಲ್ಲ. ಜೊತೆಗೆ ಕಾಲಡಿಯ ಸ್ಲ್ಯಾಬ್: ಸುತ್ತಲಿನ ಮಾಳಿಗೆ ಹಗಲಿಡೀ ಕಾದಿರುತ್ತದೆ, ಅಂಚುಗಳಿಂದ ಒಳಗಿನ ನೆಲಕ್ಕೂ ಆ ಬಿಸಿ ಹರಿಯುತ್ತದೆ.

ಇಷ್ಟೆಲ್ಲ ಇದ್ದರೂ ಕಟ್ಟುವವರು ಕೊಡುವುದು ಒಂದು ಬಾಗಿಲು, ಅದರ ಪಕ್ಕದಲ್ಲೇ ಒಂದು ಸ್ಲೈಡಿಂಗ್ ಕಿಟಕಿ. ಇದು ಕೋಲ್ಡ್ ಸ್ಟೋರೇಜಿಗೆ ಸರಿ, ಮನುಷ್ಯರಿಗಲ್ಲ. ನಮ್ಮೂರಿನ ಒಣ ಬೇಸಿಗೆಗೆ ಹೇಳಿ ಮಾಡಿಸಿದ ಕೂಲರ್ ಕೂಡ ಇಂಥ ಕೋಣೆಯಲ್ಲಿ ಸೋಲುತ್ತದೆ. ತಳ್ಳಿದಷ್ಟು ಗಾಳಿ ಎದುರಿನಿಂದ ಹೊರಗೆ ಹೋಗದಿದ್ದರೆ ಅರ್ಧ ಗಂಟೆಯಲ್ಲಿ ಹಾಸಿಗೆಯೆಲ್ಲ ಅಂಟಂಟು. ಕೂಲರಿನ ಮುಖದಷ್ಟಾದರೂ ಅಗಲದ ದಾರಿ ಎದುರು ಗೋಡೆಯಲ್ಲಿ ತೆರೆದಿರಲೇಬೇಕು. ಎಕ್ಸಾಸ್ಟ್ ಫ್ಯಾನ್ ಒಂದನ್ನೇ ನಂಬಿದರೆ ಸಾಲದು.

ಕಟ್ಟಿಸುವ ಮೊದಲೇ ಎದುರುಬದುರು ಗೋಡೆಗಳಲ್ಲಿ ಎರಡು ಕಿಂಡಿ ಬರೆಸಿಕೊಳ್ಳಿ: ಗಾಳಿ ಬರುವ ಕಡೆ ನೆಲದಿಂದ ಒಂದಡಿ ಮೇಲೆ ಒಂದು, ಎದುರು ಚಾವಣಿಯ ಕೆಳಗೇ ಇನ್ನೊಂದು. ಎರಡಡಿ ಅಗಲ, ಒಂದೂವರೆ ಅಡಿ ಎತ್ತರ ಇರಲಿ. ಪ್ಯಾನೆಲ್ಲಿನ ಅಗಲ 1 ಮೀಟರ್. ಕಿಂಡಿ ಒಂದೇ ಪ್ಯಾನೆಲ್ಲಿನ ನಡುವೆ ಬರಬೇಕು. ಜಾಯಿಂಟಿನ ಮೇಲೆ ಬಿದ್ದರೆ ಅಲ್ಲಿಂದಲೇ ನೀರು.

ಹೀಗೆ ಮಾಡಿದ ಮೇಲೆ ಕೋಣೆಗೆ ಒಂದು ದಿನಚರಿ ಬರುತ್ತದೆ. ಬೆಳಿಗ್ಗೆ ಎಂಟೂವರೆಯೊಳಗೆ ಎರಡೂ ಕಿಂಡಿ ಮುಚ್ಚಿ, ಪಡುವಣ ಕಿಟಕಿಗೆ ಪರದೆ ಎಳೆಯಬೇಕು. ಸಂಜೆ ಬಿಸಿಲು ಇಳಿದ ಮೇಲೆ ಸುತ್ತಲಿನ ಫರ್ಸಿಗೆ ನಾಲ್ಕು ಬಕೆಟ್ ನೀರು ಚೆಲ್ಲಿ, ಮೊದಲ ಬಿಸಿ ಹಬೆ ಅಡಗುವವರೆಗೆ ಕಾಯಬೇಕು. ಆಮೇಲೆ ಮೇಲಿನ ಕಿಂಡಿ, ಅದರ ಹಿಂದೆ ಕೆಳಗಿನದು. ಗೋಡೆಗೆ ಇಟ್ಟಿಗೆಯ ಹಾಗೆ ಬಿಸಿ ಹಿಡಿದಿಟ್ಟುಕೊಳ್ಳುವ ಗುಣವಿಲ್ಲ, ಹಾಗಾಗಿ ಗಾಳಿ ಬದಲಾದ ಕೂಡಲೇ ಕೋಣೆಯೂ ತಣಿಯುತ್ತದೆ. ಈ ಸುಖ ಇಟ್ಟಿಗೆ ಕೋಣೆಯಲ್ಲಿ ಸಿಗದು.

ಇದೇ ಪ್ಯಾನೆಲ್ ಹಿಮ ಬೀಳುವ ಊರುಗಳಲ್ಲಿ ಒಳಗಿನ ಬಿಸಿ ಕಾಯುತ್ತದೆ. ಅಲ್ಲಿ ಹಿಮದ ಭಾರ ಹೊರಲು ಗಟ್ಟಿ ಚೌಕಟ್ಟು, ಹಿಮ ಜಾರಲು ಕಡಿದಾದ ಇಳಿಜಾರು ಬೇಕು. ಉಸಿರಿನ ತೇವ ಜಾಯಿಂಟಿನಲ್ಲಿ ನೀರಾಗದಂತೆ ಒಳಬದಿಯನ್ನು ಬಿಗಿಯಾಗಿ ಮುಚ್ಚಬೇಕು. ನಮ್ಮಲ್ಲಿ 5 ಡಿಗ್ರಿ ಇಳಿಜಾರು ಸಾಕು, 10 ಅಡಿಗೆ ಹತ್ತೂವರೆ ಇಂಚು. ಇಲ್ಲಿನ ಭಯ ಮುಂಗಾರಿಗೆ ಮೊದಲು ಬೀಸುವ ಬಿರುಗಾಳಿಯದು. 50 ಎಂಎಂ ಪ್ಯಾನೆಲ್ ಚದರ ಮೀಟರಿಗೆ 10 ಕಿಲೋ ಆಸುಪಾಸು, ಹಾಗಾಗಿ ಗಾಳಿಗೆ ಕೋಣೆಯೇ ಮೇಲೇಳಲು ನೋಡುತ್ತದೆ. ಅಂಚಿನ ಸಾಲುಗಳಲ್ಲಿ ಸ್ಕ್ರೂ ಒತ್ತೊತ್ತಾಗಿರಲಿ, ವಾಷರ್ ರಬ್ಬರಿನದಿರಲಿ.

ಗೋಡೆಯ ಪ್ಯಾನೆಲ್ ಕೂರುವ ತಳದ ಯು ಚಾನೆಲ್ಲನ್ನು (ಯು ಆಕಾರದ ತಗಡಿನ ಪಟ್ಟಿ) ನೇರ ಫರ್ಸಿ ಮೇಲೆ ಕೂರಿಸಲು ಬಿಡಬೇಡಿ, ಮೊದಲ ಮಳೆಗೇ ನೀರು ಒಳಗೆ. ಸ್ಲ್ಯಾಬಿಗೆ ಸರಳು ಕೂಡಿಸಿ 4 ಇಂಚು ಕಾಂಕ್ರೀಟ್ ಕಟ್ಟೆ ಹಾಕಿಸಿ, ಅದರ ಮೇಲೆ ಚಾನೆಲ್, ಎರಡಡಿಗೊಂದು ಆಂಕರ್ ಬೋಲ್ಟ್. ಸಂದು ಮುಚ್ಚುವ ಸಿಲಿಕಾನ್ ಅಂಟನ್ನು ಒಳಅಂಚಿಗೆ ಪೂರ್ತಿ ಹಚ್ಚಬೇಕು. ಹೊರಅಂಚನ್ನು ಬಿಡಬೇಕು, ಹೇಗೋ ನುಸುಳಿದ ನೀರು ಹೊರಗೆ ಹೋಗಲಿ. ಹೊರಗಿನ ಫ್ಲಾಶಿಂಗ್, ಅಂದರೆ ಸಂದಿನ ಮೇಲೆ ಹೊದಿಸುವ ತಗಡಿನ ಪಟ್ಟಿ, ಕಟ್ಟೆಯ ಮೇಲಂಚಿಗಿಂತ ಎರಡಿಂಚು ಕೆಳಗಿಳಿದಿರಲಿ.

ಇನ್ನು ಕತ್ತರಿಸುವ ಕೆಲಸ. ಗ್ರೈಂಡರಿನಿಂದ ಕೊಯ್ದರೆ ಕಿಡಿ ಬಿದ್ದಲ್ಲೆಲ್ಲ ಬಣ್ಣ ಸುಡುತ್ತದೆ. ಸಾಸಿವೆಯಷ್ಟು ಕಬ್ಬಿಣದ ಪುಡಿ ಚಾವಣಿಗೆ ಅಂಟಿ, ಮಳೆ ಬಿದ್ದ ಮೇಲೆ ಕಂದು ಚುಕ್ಕೆಗಳಾಗಿ ಎದ್ದು ಕಾಣುತ್ತದೆ. ಜಿಗ್‌ಸಾ ಗರಗಸ ಬಳಸಿ ಎಂದು ಹೇಳಿ, ಕೆಲಸ ಮುಗಿದ ದಿನವೇ ಪುಡಿ ಗುಡಿಸಿಸಿ. ಪಫ್ ಹೊತ್ತಿಕೊಳ್ಳುವ ವಸ್ತು, ಅದರ ಹೊಗೆ ವಿಷ. ಕೋಣೆ ಎದ್ದ ಮೇಲೆ ಹತ್ತಿರ ವೆಲ್ಡಿಂಗ್ ಬೇಡವೇ ಬೇಡ, ವೈರೆಲ್ಲ ಪೈಪಿನೊಳಗೇ ಹೋಗಲಿ. ಒಲೆ ಇಡುವುದಾದರೆ ಆ ಗೋಡೆಗಳಿಗೆ ಕಲ್ಲಿನ ನಾರು ತುಂಬಿದ, ಬೆಂಕಿ ಹಿಡಿಯದ ರಾಕ್‌ವೂಲ್ ಪ್ಯಾನೆಲ್ ಹಾಕಿಸಿ.

ದುಡ್ಡು ಬಿಗಿ ಇದ್ದರೆ ಗೋಡೆಗೆ 50 ಎಂಎಂ ಸಾಕು, ಉಳಿಸಿದ್ದನ್ನು ಚಾವಣಿಯ 80 ಎಂಎಂಗೆ ಹಾಕಿ. ಕಿಂಡಿಯಲ್ಲಿ ಮಾತ್ರ ಉಳಿತಾಯ ಮಾಡಬೇಡಿ. ಮಿರಗದ ಮಳೆಗೆ ಮೊದಲು ಪ್ರತಿವರ್ಷ ಏಣಿ ಹತ್ತಿ ಸಿಲಿಕಾನ್ ನೋಡಿ. ಬಿಸಿಲಿಗೆ ಅಂಚು ಬಿಟ್ಟ ಕಡೆ ಹಳೆಯದರ ಮೇಲೇ ಮೆತ್ತದೆ, ಬ್ಲೇಡಿನಿಂದ ಪೂರ್ತಿ ಕೆರೆದು, ಒಣಬಟ್ಟೆಯಿಂದ ಒರೆಸಿ ಹೊಸದಾಗಿ ಹಚ್ಚಿ.