ಕಾಂಫೇಂಗ್ ಫೆಟ್: ಆನೆಗಳ ಗುಡಿಯೂ ಜಲಪಾತವೂ

ಥಾಯ್ಲೆಂಡಿನ ಪ್ರಾಚೀನ ಅವಶೇಷಗಳೆಂದರೆ ಪ್ರವಾಸಿಗರು ಸುಖೋಥಾಯ್‌ಗೆ ಧಾವಿಸುತ್ತಾರೆ. ಆದರೆ 1991ರಲ್ಲಿ ಅದರೊಡನೆಯೇ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಕಾಂಫೇಂಗ್ ಫೆಟ್‌ನಲ್ಲಿ ಜನಸಂದಣಿ ತೀರಾ ಕಡಿಮೆ. ಪಿಂಗ್ ನದಿಯ ದಡದ ಈ ಊರಿನ ಹೆಸರಿಗೆ 'ವಜ್ರದ ಕೋಟೆಗೋಡೆ' ಎಂದರ್ಥ.

ಕೋಟೆಯೊಳಗಿನ ಭಾಗವನ್ನು ಬೇಗ ಮುಗಿಸಿ, ಉತ್ತರಕ್ಕಿರುವ ಅರಣ್ಯಿಕ ವಲಯಕ್ಕೆ ಹೆಚ್ಚು ಸಮಯ ಮೀಸಲಿಡುವುದು ಜಾಣತನ. ಮರಗಳ ನೆರಳಿನಲ್ಲಿ ಚದುರಿಕೊಂಡಿರುವ ಜಂಬಿಟ್ಟಿಗೆಯ ಮಠಗಳ ಪೈಕಿ ವಾಟ್ ಚಾಂಗ್ ರಾಪ್ ನನ್ನ ಮನಸ್ಸನ್ನು ಸೆರೆಹಿಡಿಯಿತು. ಸ್ತೂಪದ ಪೀಠವನ್ನು 68 ಆನೆಗಳು ಸುತ್ತುವರಿದು ನಿಂತಿವೆ. ಹಲವುಗಳ ಸೊಂಡಿಲು ಮುರಿದು, ಗಾರೆ ಉದುರಿ, ಒಳಗಿನ ರಂಧ್ರರಂಧ್ರವಾದ ಕಲ್ಲು ಕಾಣಿಸುತ್ತದೆಯಾದರೂ, ಕೆಲವುಗಳ ಕೊರಳಿನ ಅಲಂಕಾರ ಇನ್ನೂ ಉಳಿದಿದೆ. ಸಮೀಪದ ವಾಟ್ ಫ್ರಾ ಸಿ ಇರಿಯಾಬೋಟ್‌ನಲ್ಲಿ ಬುದ್ಧನ ನಾಲ್ಕು ಭಂಗಿಗಳ ಮೂರ್ತಿಗಳ ಪೈಕಿ ನಿಂತ ಭಂಗಿಯದೊಂದೇ ಚೆನ್ನಾಗಿ ಉಳಿದಿದೆ.

ಎರಡನೆಯ ದಿನವನ್ನು ಖ್ಲಾಂಗ್ ಲಾನ್ ರಾಷ್ಟ್ರೀಯ ಉದ್ಯಾನಕ್ಕೆ ಇಟ್ಟುಕೊಂಡೆವು. ಸುಮಾರು 100 ಮೀಟರ್ ಎತ್ತರದ ಜಲಪಾತದ ತುಂತುರು ದೂರದಿಂದಲೇ ಕನ್ನಡಕವನ್ನು ಮಂಜಾಗಿಸಿತು. ಪಕ್ಕದ ಮೇ ವೊಂಗ್ ಉದ್ಯಾನದ ಚೋಂಗ್ ಯೆನ್ ಎಂಬ ಬೆಟ್ಟದ ಮೇಲಿನ ವೀಕ್ಷಣಾ ಸ್ಥಳದವರೆಗೆ ಹೋಗುವ ಆಸೆ ಮಾತ್ರ ಕೈಗೂಡಲಿಲ್ಲ: ಬಾಡಿಗೆ ವಾಹನದ ಚಾಲಕ ಒಪ್ಪಿದ ವೇಳೆಗಿಂತ ಎರಡು ಗಂಟೆ ತಡವಾಗಿ ಬಂದಿದ್ದ. ಸಾರ್ವಜನಿಕ ಸಾರಿಗೆ ವಿರಳವಾಗಿರುವುದೇ ಈ ಪ್ರಾಂತ್ಯದ ದೊಡ್ಡ ಕೊರತೆ; ಸ್ವಂತವಾಗಿ ವಾಹನ ಓಡಿಸಬಲ್ಲವರಿಗೆ ಎರಡು ದಿನ ಸಾಕು, ಉಳಿದವರು ಮೂರು ದಿನ ಇಟ್ಟುಕೊಳ್ಳುವುದು ಒಳಿತು.