ಹಳೆ ಫ್ಯಾಕ್ಟರಿ ಜಾಗ ಕೊಳ್ಳುವ ಮುಂಚೆ ಇವರ ಹತ್ತಿರ ಹೋಗಿ

ಜಾಗದ ಪತ್ರ ನೋಡಿಕೊಡುವ ವಕೀಲರು ಬೆಂಗಳೂರಿನಲ್ಲಿ ಎಲ್ಲಿ ಬೇಕಾದರೂ ಸಿಗುತ್ತಾರೆ. ಮಣ್ಣಿನ ಬಗ್ಗೆ ಕೇಳುವವರು ಸಿಗುವುದು ಕಷ್ಟ. ಈ ವಕೀಲರ ಆಫೀಸಿನವರು ಕೇಳಿದರು, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಾನು ಮತ್ತು ನನ್ನ ಅಣ್ಣ ಪೀಣ್ಯದ ಅಂಚಿನಲ್ಲಿ ಮುಚ್ಚಿಹೋದ ಒಂದು ಎಲೆಕ್ಟ್ರೋಪ್ಲೇಟಿಂಗ್ (ವಿದ್ಯುತ್ ಬಳಸಿ ಲೋಹದ ಲೇಪ ಹಾಕುವ) ಘಟಕದ ಜಾಗ ನೋಡಿದ್ದೆವು. ಶೆಡ್ ಕೆಡವಿ ಸಣ್ಣ ಅಪಾರ್ಟ್‌ಮೆಂಟ್ ಕಟ್ಟುವ ಯೋಚನೆ. ಇಸಿ (ಋಣಭಾರ ಪತ್ರ) ಸರಿ ಇತ್ತು, ಖಾತಾ ಸರಿ ಇತ್ತು, ಮೂಲ ಪತ್ರಗಳೂ ಸರಿ ಇದ್ದವು. ಮೊದಲು ತೋರಿಸಿದ ವಕೀಲರು ಧಾರಾಳವಾಗಿ ಕೊಳ್ಳಿ ಅಂದಿದ್ದರು. ಪರಿಚಯದ ಎಂಜಿನಿಯರ್ ಒಬ್ಬರು ಬಿಡದೆ ಒತ್ತಾಯ ಮಾಡಿದ್ದರಿಂದ ಇಲ್ಲಿಗೆ ಬಂದೆವು.

ಇಲ್ಲಿ ಕುಳಿತ ತಕ್ಷಣ ಕೇಳಿದ್ದು, ಅಲ್ಲಿ ಕ್ರೋಮ್ ಪ್ಲೇಟಿಂಗ್ ನಡೆಯುತ್ತಿತ್ತಾ, ಅದರಿಂದ ಉಳಿಯುವ ವಿಷಕಾರಿ ಕೆಸರು ಎಲ್ಲಿಗೆ ಹೋಗುತ್ತಿತ್ತು ಅಂತ. ನಮ್ಮ ಹತ್ತಿರ ಉತ್ತರ ಇರಲಿಲ್ಲ. ಮಾರುವವರಿಂದ ಮಾಲಿನ್ಯ ನಿಯಂತ್ರಣ ಮಂಡಳಿಯ ಹಳೆಯ ಅನುಮತಿ ಪತ್ರಗಳು, 2016ರ ಅಪಾಯಕಾರಿ ತ್ಯಾಜ್ಯ ನಿಯಮದ ಪ್ರಕಾರ ವರ್ಷವರ್ಷ ಕೊಡಬೇಕಾದ ತ್ಯಾಜ್ಯದ ಲೆಕ್ಕ ಫಾರಂ 4, ಕೆಸರು ಸಾಗಿಸುವಾಗ ತುಂಬುವ ಫಾರಂ 10, ಎಲ್ಲವನ್ನೂ ಕೇಳಿದರು. ಜೊತೆಗೆ ಮಂಡಳಿಗೆ ಆರ್‌ಟಿಐ ಅರ್ಜಿಯನ್ನೂ ಹಾಕಿಸಿದರು. ಡಾಬಸ್‌ಪೇಟೆಯ ವಿಲೇವಾರಿ ಘಟಕಕ್ಕೆ ಕೆಸರು ಕಳಿಸಿದ ಪತ್ರಗಳು ಕೆಲವು ವರ್ಷಕ್ಕೆ ಇದ್ದವು, ಕೆಲವು ವರ್ಷಕ್ಕೆ ಇರಲೇ ಇಲ್ಲ. ಹಾಗಾದರೆ ಆ ವರ್ಷಗಳ ಕೆಸರು ಎಲ್ಲಿ ಹೋಯಿತು? ಅದೇ ಕಾಂಪೌಂಡಿನಲ್ಲಿ ಹುಡುಕೋಣ ಅಂದರು.

ಎನ್‌ಎಬಿಎಲ್ (ಲ್ಯಾಬುಗಳನ್ನು ಪರಿಶೀಲಿಸುವ ರಾಷ್ಟ್ರೀಯ ಸಂಸ್ಥೆ) ಮಾನ್ಯತೆ ಇರುವ ಲ್ಯಾಬಿನಿಂದ ಮಣ್ಣು ಮತ್ತು ಬೋರ್‌ವೆಲ್ ನೀರು ಪರೀಕ್ಷೆ ಮಾಡಿಸಿದೆವು. ಕುಡಿಯುವ ನೀರಲ್ಲಿ ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ಮೀರಬಾರದು. ನಮ್ಮ ಬೋರ್‌ವೆಲ್‌ನಲ್ಲಿ ಮೀರಿತ್ತು. ಶೆಡ್ಡಿನ ಹಿಂದಿನ ಮಣ್ಣಿನಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ ಸಿಕ್ಕಿತು. ಇದು ಕ್ಯಾನ್ಸರ್ ತರುವ ರೂಪ, ನೀರಲ್ಲಿ ಸುಲಭವಾಗಿ ಕರಗಿ ಹರಿದುಹೋಗುತ್ತದೆ. ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಇದೆ ಎಂಬುದು ಹೊಸ ಸುದ್ದಿಯಲ್ಲ, ಆದರೂ ಮಕ್ಕಳು ಆಡಬೇಕಾದ ಜಾಗದಲ್ಲಿ ಅದನ್ನು ಕಂಡಾಗ ಹೊಟ್ಟೆಯಲ್ಲಿ ಸಂಕಟವಾಯಿತು. 20,000 ಚದರ ಮೀಟರ್‌ಗಿಂತ ಚಿಕ್ಕ ಕಟ್ಟಡಕ್ಕೆ ಪರಿಸರ ಅನುಮತಿ ಬೇಕಿಲ್ಲ, ಅಂದರೆ ನಾವು ಕಟ್ಟಿ ಮಾರಿಬಿಟ್ಟಿದ್ದರೂ ಆ ದಾರಿಯಲ್ಲಿ ನಮ್ಮನ್ನು ಯಾರೂ ಕೇಳುತ್ತಿರಲಿಲ್ಲ.

ಇವರ ನಿಜವಾದ ಕೆಲಸ ಕಂಡಿದ್ದು ಇದರ ನಂತರ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ, ತನಗೆ ಗೊತ್ತಿರುವ ದೊಡ್ಡ ದೋಷವನ್ನು ಮಾರುವವನು ಹೇಳಬೇಕು. ಆದರೆ ಕೊಳ್ಳುವವನಿಗೂ ಗೊತ್ತಿದ್ದರೆ ಆ ರಕ್ಷಣೆ ಇಲ್ಲ. ಈಗ ನಮಗೆ ಗೊತ್ತಾಗಿದೆಯಲ್ಲ, ಹಾಗಾಗಿ ಇನ್ನೇನಿದ್ದರೂ ಕರಾರಿನಲ್ಲೇ ಬರೆಸಬೇಕು ಅಂದರು. ಕೋರ್ಟಿಗೆ ಹೋದರಾಯಿತು ಎಂದು ಅಣ್ಣ ಹೇಳಿದಾಗ ಉದಯಪುರದ ಹತ್ತಿರದ ಬಿಚ್ಛ್ರಿ ಊರಿನ ಕೇಸು ವಿವರಿಸಿದರು. ಮಾಲಿನ್ಯ ಮಾಡಿದವರೇ ಸ್ವಚ್ಛ ಮಾಡುವ ಖರ್ಚು ಕೊಡಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು 1996ರಲ್ಲಿ. ಅದೇ ದುಡ್ಡಿನ ಜಗಳ 2011ರಲ್ಲೂ ಅದೇ ಕೋರ್ಟಿನಲ್ಲಿತ್ತು. ಪರಿಸರದ ಕೇಸು ನೋಡುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈಯಲ್ಲಿರುವ ದಕ್ಷಿಣ ಪೀಠಕ್ಕೂ ಹೋಗಬಹುದು, ಆದರೆ ಅದು ಕೊನೆಯ ದಾರಿ ಅಂದರು.

ಕರಾರು ಹೀಗೆ ಬರೆಸಿದರು. ಮಂಡಳಿಗೆ ತಿಳಿಸಿ, ಮಾರುವವರ ಖರ್ಚಿನಲ್ಲೇ ಸ್ವಚ್ಛತೆ ಆಗಬೇಕು. ಬಾಕಿ ಹಣ ಎಸ್ಕ್ರೋ ಖಾತೆಯಲ್ಲಿ, ಅಂದರೆ ಷರತ್ತು ಪೂರೈಸುವವರೆಗೆ ಮೂರನೆಯವರ ಬಳಿ ಇರುತ್ತದೆ, ಲ್ಯಾಬ್ ವರದಿ ಸರಿ ಬಂದ ಮೇಲಷ್ಟೇ ಬಿಡುಗಡೆ. ವರದಿ ಸರಿ ಬರದಿದ್ದರೆ ಮುಂಗಡ ವಾಪಸ್. ನೋಂದಣಿ ಆದ ಮೇಲೆ ಹಳೆಯ ಮಾಲಿನ್ಯಕ್ಕೆ ನೋಟಿಸ್ ಬಂದರೂ ಹೊಣೆ ಅವರದೇ. ಮಾಲಿನ್ಯಗೊಂಡ ಜಾಗಗಳಿಗೆಂದೇ ಕೇಂದ್ರ ಸರ್ಕಾರ 2025ರ ಜುಲೈನಲ್ಲಿ ಪ್ರತ್ಯೇಕ ನಿಯಮ ತಂದಿದೆ. ಯಾರು ಹೊಣೆ ಎಂದು ಗುರುತಿಸಿ ಖರ್ಚು ವಸೂಲಿ ಮಾಡುವ ದಾರಿ ಅದರಲ್ಲಿದೆ. ಅದನ್ನೂ ಮುಂದಿಟ್ಟು ಮಾತಾಡಿದಾಗಲೇ ಮಾರುವವರು ಒಪ್ಪಿದ್ದು. ನಮಗೂ ಒಂದು ಎಚ್ಚರಿಕೆ ಕೊಟ್ಟರು: ಆ ಮಣ್ಣನ್ನು ಅಗೆಸಿ ರಾತ್ರೋರಾತ್ರಿ ಕೆರೆ ಪಕ್ಕ ಸುರಿಸಿದರೆ ಆಮೇಲೆ ತಪ್ಪಿತಸ್ಥರು ನೀವೇ.

ತೊಂದರೆಗಳೂ ಇವೆ. ಫೀಸು ಜಾಸ್ತಿ. ಮೊದಲು ಹೇಳಿದ ಮೊತ್ತದಲ್ಲಿ ಕರಾರಿನ ಒಂದೇ ಕರಡು ಸೇರಿತ್ತು, ಪ್ರತಿ ತಿದ್ದುಪಡಿಗೂ ಬೇರೆ ಬಿಲ್ ಬಂತು. ಇದನ್ನು ಮೊದಲೇ ಬರೆದು ಕೊಡಬೇಕಿತ್ತು. ಲ್ಯಾಬ್ ಖರ್ಚು ಬೇರೆ. ಕಾನೂನು ಅಭಿಪ್ರಾಯ ಪೂರ್ತಿ ಇಂಗ್ಲಿಷಿನಲ್ಲಿತ್ತು. ದುಡ್ಡು ಹಾಕುತ್ತಿರುವ ನಮ್ಮ ತಂದೆಗೆ ಓದಲಾಗಲಿಲ್ಲ, ಕೇಳಿದ ಮೇಲೆ ಜೂನಿಯರ್ ಒಬ್ಬರು ಕನ್ನಡದಲ್ಲಿ ತಾಳ್ಮೆಯಿಂದ ವಿವರಿಸಿದರು. ಇಂಥ ಜಾಗ ಕೊಳ್ಳುವವರು ಹೆಚ್ಚಾಗಿ ನಮ್ಮಂಥ ಕುಟುಂಬಗಳೇ ಅಲ್ವಾ, ಒಂದು ಕನ್ನಡ ಪ್ರತಿ ಕೊಡುವುದು ದೊಡ್ಡ ಕೆಲಸವೇನಲ್ಲ.

ಬರೀ ಪತ್ರ ಪರಿಶೀಲನೆ ಸಾಕು ಅನ್ನುವವರು, ಅಥವಾ ಮೊದಲಿಂದಲೂ ಮನೆ ಇದ್ದ ಜಾಗ ಕೊಳ್ಳುವವರು ಸುಮ್ನೆ ಇಷ್ಟು ಖರ್ಚು ಮಾಡಬೇಡಿ. ಪ್ಲೇಟಿಂಗ್, ಬಣ್ಣ, ಬ್ಯಾಟರಿ, ರಾಸಾಯನಿಕ, ಪೆಟ್ರೋಲ್ ಬಂಕ್ ಇದ್ದ ಜಾಗವಾದರೆ ಮುಂಗಡ ಕೊಡುವ ಮುಂಚೆಯೇ ಹೋಗಿ. 5ಕ್ಕೆ 4 ಕೊಡುತ್ತೇನೆ. ನಮ್ಮ ಜಾಗದ ಸ್ವಚ್ಛತೆ ಇನ್ನೂ ನಡೆಯುತ್ತಿದೆ, ಬಾಕಿ ಹಣ ಎಸ್ಕ್ರೋದಲ್ಲೇ ಇದೆ.