ಡೈಕ್ಲೋಫೆನಾಕ್ ಜೆಲ್: ಶೇ. 1.16 ಸಾಕೇ, ಶೇ. 2.32 ಬೇಕೇ?

ಮಂಡಿನೋವಿಗೂ ಉಳುಕಿಗೂ ಹಚ್ಚುವ ಡೈಕ್ಲೋಫೆನಾಕ್ ಡೈಈಥೈಲಮೈನ್ ಜೆಲ್ ಎರಡು ಬಲಗಳಲ್ಲಿ ಸಿಗುತ್ತದೆ: ಶೇ. 1.16 ಮತ್ತು ಶೇ. 2.32. ಔಷಧಿ ಒಳ್ಳೆಯದೇ. ಆದರೆ ಟ್ಯೂಬಿನಲ್ಲಿರುವುದಕ್ಕೂ ಕೀಲಿಗೆ ತಲುಪುವುದಕ್ಕೂ ದೊಡ್ಡ ಅಂತರವಿದೆ.

ಅಡ್ಡ ನಿಲ್ಲುವುದು ಚರ್ಮದ ಮೇಲಿನ ಸತ್ತ ಜೀವಕೋಶಗಳ ಪದರ. ದಪ್ಪ ಬರೀ 10ರಿಂದ 20 ಮೈಕ್ರೋಮೀಟರ್, ಆದರೂ ಜೀವಕೋಶಗಳ ನಡುವೆ ಜಿಡ್ಡು ತುಂಬಿರುವುದರಿಂದ ನೀರಿನಲ್ಲಿ ಕರಗಿದ ವಸ್ತು ಸುಲಭವಾಗಿ ದಾಟಲಾರದು. ಡೈಕ್ಲೋಫೆನಾಕ್ ಅಣುತೂಕ ಸುಮಾರು 296. 500ಕ್ಕಿಂತ ದೊಡ್ಡ ಅಣುಗಳು ಚರ್ಮ ದಾಟುವುದು ಕಷ್ಟ, ಹಾಗಾಗಿ ಗಾತ್ರದ ತೊಂದರೆ ಇಲ್ಲಿಲ್ಲ. ಉಳಿದ ಕೆಲಸವನ್ನು ಜೆಲ್ಲಿನ ತಯಾರಿ ಮಾಡಬೇಕು. ಜೆಲ್ಲಿನಲ್ಲಿರುವ ದ್ರಾವಕ ಐಸೊಪ್ರೊಪೈಲ್ ಆಲ್ಕೋಹಾಲ್ ಆರಿಹೋದಂತೆ ಮೇಲೆ ಉಳಿದ ಲೇಪದಲ್ಲಿ ಔಷಧಿಯ ಸಾಂದ್ರತೆ ಏರಿ, ಒಳಕ್ಕೆ ತಳ್ಳುವ ಒತ್ತಡ ಹೆಚ್ಚುತ್ತದೆ. ಎಲ್ಲ ದ್ರಾವಕವೂ ಆರಿಬಿಟ್ಟರೆ ಔಷಧಿ ಹರಳುಗಟ್ಟಿ ಚರ್ಮದ ಮೇಲೇ ಕೂರುತ್ತದೆ. ಅದನ್ನು ತಡೆಯಲು ಬೇಗ ಆರದ ಪ್ರೊಪಿಲೀನ್ ಗ್ಲೈಕಾಲ್ ಬೇಕು. ಶೇ. 2.32ರ ಜೆಲ್ಲಿಗೆ ಓಲೈಲ್ ಆಲ್ಕೋಹಾಲನ್ನೂ ಸೇರಿಸುತ್ತಾರೆ, ಅದು ಚರ್ಮದ ಜಿಡ್ಡಿನ ಪದರವನ್ನು ಸಡಿಲಿಸುತ್ತದೆ. ಕೊಳ್ಳುವಾಗ ಪೊಟ್ಟಣದ ಹಿಂಬದಿಯಲ್ಲಿ ಈ ಹೆಸರುಗಳನ್ನು ಹುಡುಕಿ. ಮೆಂಥಾಲ್ ಹಾಕಿದ ಜೆಲ್ ತಣ್ಣಗೆ ಕೊರೆದರೆ ಔಷಧಿ ಒಳಗಿಳಿಯಿತು ಎಂದುಕೊಳ್ಳಬೇಡಿ, ಅದು ನರಗಳಿಗಾಗುವ ಅನುಭವ ಮಾತ್ರ.

ಜೆಲ್ ಕೆಲಸ ಮಾಡಲಿಲ್ಲ ಎನ್ನುವ ದೂರು ಬಂದಾಗ ಮೊದಲು ನೋಡಬೇಕಾದ್ದು ಪ್ರಮಾಣ. ಶೇ. 1.16ರ ಜೆಲ್ಲನ್ನು ಒಂದು ಮಂಡಿಗೆ ಹಚ್ಚುವುದು ಸಲಕ್ಕೆ 4 ಗ್ರಾಂ, ದಿನಕ್ಕೆ ನಾಲ್ಕು ಸಲ. ತೋರುಬೆರಳ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಅಂದರೆ ಅಂಥ ಎಂಟು ಗೆರೆ ಬೇಕು! ಬಟಾಣಿಕಾಳಿನಷ್ಟು ಸವರಿ ಬಿಡುವವರಿಗೆ ಇದು ಅತಿಯೆನಿಸಬಹುದು, ಆದರೆ ಲೆಕ್ಕವೇ ಹಾಗಿದೆ. ದಿನಕ್ಕೆ 16 ಗ್ರಾಂ ಆದರೆ 30 ಗ್ರಾಂ ಟ್ಯೂಬ್ ಎರಡು ದಿನವೂ ಬರುವುದಿಲ್ಲ. ಆದ್ದರಿಂದ ಮಂಡಿಗೆ 100 ಗ್ರಾಂ ಟ್ಯೂಬೇ ಸರಿ. ಕೈ, ಮೊಣಕೈಗೆ ಸಲಕ್ಕೆ 2 ಗ್ರಾಂ ಸಾಕು.

ಶೇ. 2.32ರದ್ದನ್ನು ಸಲಕ್ಕೆ ಅಷ್ಟೇ ಗ್ರಾಂ, ಆದರೆ ದಿನಕ್ಕೆ ಎರಡೇ ಸಲ ಹಚ್ಚಬೇಕು. ಎರಡರಲ್ಲೂ ದಿನಕ್ಕೆ ಚರ್ಮಕ್ಕೆ ಬೀಳುವ ಔಷಧಿ ಒಂದೇ ಆಗುತ್ತದೆ. ಹೆಚ್ಚು ಬಲದ ಜೆಲ್ಲಿನ ನಿಜವಾದ ಲಾಭ, ಮಧ್ಯಾಹ್ನದ ಸರದಿ ಮರೆತುಹೋಗದಿರುವುದು. ಕೆಲಸಕ್ಕೆ ಹೋಗುವವರ ಮಂಡಿಗೆ ಅದನ್ನೇ ಆರಿಸಿ.

ಹಚ್ಚುವ ಜಾಗವನ್ನು ತೊಳೆದು, ಬೆವರಿಲ್ಲದಂತೆ ಒರೆಸಿ. ಜೆಲ್ಲನ್ನು ಗಟ್ಟಿಯಾಗಿಡುವುದು ಕಾರ್ಬೋಮರ್ ಎಂಬ ವಸ್ತು, ಬೆವರಿನ ಉಪ್ಪು ತಾಗಿದರೆ ಅದು ನೀರಾಗಿ ಹರಿದುಬಿಡುತ್ತದೆ. ಮಂಡಿಯ ಮುಂಭಾಗಕ್ಕಷ್ಟೇ ಅಲ್ಲ, ಸುತ್ತಲೂ ಹಚ್ಚಿ ಮೆಲ್ಲಗೆ ಸವರಿ. ಜೋರಾಗಿ ಉಜ್ಜಿದರೆ ಬೇಗ ಒಳಗಿಳಿಯುತ್ತದೆ ಎಂಬುದು ತಪ್ಪು. ಔಷಧಿ ಒಳಗಿಳಿಯಲು ಗಂಟೆಗಳೇ ಬೇಕು, ಉಜ್ಜಿದಷ್ಟೂ ಅಂಗೈಗೆ ಅಂಟುತ್ತದೆ. ಬಟ್ಟೆ ಮುಚ್ಚುವ ಮುನ್ನ 10 ನಿಮಿಷ ಬಿಡಿ, ಒಂದು ಗಂಟೆ ನೀರು ಸೋಕಿಸಬೇಡಿ. ಬೆರಳ ಕೀಲುಗಳಿಗೇ ಹಚ್ಚಿದ್ದರೆ ಕೈಯನ್ನೂ ಆ ಒಂದು ಗಂಟೆ ತೊಳೆಯಬಾರದು.

ಪ್ಲಾಸ್ಟಿಕ್ ಸುತ್ತುವುದು, ಬಿಸಿನೀರಿನ ಚೀಲ ಇಡುವುದು, ಹಚ್ಚುವ ಮುನ್ನ ಕೂದಲು ಬೋಳಿಸುವುದು ಇವೆಲ್ಲ ಹೀರಿಕೆಯನ್ನು ಹೆಚ್ಚಿಸುತ್ತವೆ ನಿಜ. ಎಷ್ಟು ಹೆಚ್ಚಿಸುತ್ತವೆ ಎಂಬುದು ಮಾತ್ರ ಕೈ ಮೀರಿದ್ದು, ಚರ್ಮವೂ ಉರಿಯುತ್ತದೆ. ದಯವಿಟ್ಟು ಮಾಡಬೇಡಿ. ಒಂದು ಮಂಡಿಗೆ ಸರಿಯಾಗಿ ಹಚ್ಚಿದಾಗ ರಕ್ತಕ್ಕೆ ಸೇರುವುದು, 50 ಮಿಲಿಗ್ರಾಂ ಮಾತ್ರೆಯನ್ನು ದಿನಕ್ಕೆ ಮೂರು ಸಲ ನುಂಗಿದಾಗ ಸೇರುವುದರ ಸುಮಾರು ಶೇ. 6 ಅಷ್ಟೇ. ಹೊಟ್ಟೆಗೆ ತ್ರಾಸವಿಲ್ಲದಿರುವ ಈ ಗುಣವನ್ನೇ ಕಳೆದುಕೊಂಡರೆ ಜೆಲ್ ಯಾಕೆ ಬೇಕು? ಆಸ್ಪಿರಿನ್ ಅಲರ್ಜಿ ಇರುವವರು, ಕೊನೆಯ ಮೂರು ತಿಂಗಳಲ್ಲಿರುವ ಗರ್ಭಿಣಿಯರು ಬಳಸಲೇಬಾರದು. ಮೂತ್ರಪಿಂಡದ ತೊಂದರೆ ಇರುವವರು, ಉಳಿದ ಗರ್ಭಿಣಿಯರು ವೈದ್ಯರನ್ನು ಕೇಳಿಯೇ ಬಳಸಬೇಕು.

ಫಲದ ಬಗ್ಗೆ ಆಸೆ ಹಿತಮಿತವಾಗಿರಲಿ. ಹಲವು ಪ್ರಯೋಗಗಳ ಫಲವನ್ನು ಒಟ್ಟಿಗೆ ತೂಗಿ ನೋಡಿದ 2016ರ ಕಾಕ್ರೇನ್ ಪರಿಶೀಲನೆಯಲ್ಲಿ, 6ರಿಂದ 12 ವಾರ ಹಚ್ಚಿದ ಸಂಧಿವಾತದ ರೋಗಿಗಳಲ್ಲಿ 100ಕ್ಕೆ 60 ಮಂದಿಗೆ ಒಳ್ಳೆಯ ಉಪಶಮನ ಸಿಕ್ಕಿತ್ತು, ಔಷಧಿಯಿಲ್ಲದ ಲೇಪ ಹಚ್ಚಿದವರಲ್ಲಿ 50 ಮಂದಿಗೆ. ಮಂಡಿ, ಬೆರಳಿನಂಥ ಚರ್ಮಕ್ಕೆ ಹತ್ತಿರದ ಕೀಲುಗಳಿಗೆ ಒಂದು ವಾರ ಬಿಡದೆ ಹಚ್ಚಿ ನೋಡಿ. ಸೊಂಟದ ಕೀಲು ಮಾಂಸಖಂಡಗಳ ಆಳದಲ್ಲಿದೆ, ಅದರ ನೋವಿಗೆ ಈ ಟ್ಯೂಬ್ ಕೊಳ್ಳಬೇಡಿ.